ಹೊರಗೆ ಶೇಡಬಾಳ, ಒಳಗೆ ಕಾಗವಾಡ

ನಾನು ಹಳೆ ಮನೆ ಕೆಡವುವವನು. ಜೆಸಿಬಿ ತಂದು ಉರುಳಿಸುವವನಲ್ಲ. ಕಂಬ, ತೊಲೆ, ಬಾಗಿಲು, ಚೌಕಟ್ಟು ಒಂದೊಂದನ್ನೇ ಬಿಚ್ಚಿ, ಸುಣ್ಣದ ಖಡುವಿನಿಂದ ನಂಬರ್ ಬರೆದು, ಟೆಂಪೋಗೆ ಹೇರುತ್ತೇನೆ. ಸಾಗವಾನಿ ಎಲ್ಲ ಕೊಲ್ಹಾಪುರದ ಕಡೆ ಹೋಗುತ್ತದೆ. ಅಲ್ಲಿ ಹೊಸ ಹೋಟೆಲ್ ಕಟ್ಟುವವರಿಗೆ ಹಳೆ ಕಂಬ ಬೇಕು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಇತಿಹಾಸ ನನಗೆ ಗೊತ್ತಿಲ್ಲ, ಕಟ್ಟಿಗೆ ಗೊತ್ತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಕಡೆ ಯಾವ ವಾಡೆಗೆ, ಅಂದರೆ ಹಳೆ ದೊಡ್ಡಮನೆಗೆ, ಹೋದರೂ ಮಾಲೀಕರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ನಮ್ಮ ವಾಡೇದಾಗ ಪಿಚ್ಚರ್ ಶೂಟಿಂಗ್ ಆಗೇತಿ." ಯಾವ ಪಿಚ್ಚರ್ ಅಂದರೆ ಹೆಸರು ಬಾರದು. ಯಾರಿದ್ದರು ಅಂದರೆ "ಮರಾಠಿ ಮಂದಿ" ಅಷ್ಟೇ. ಅಥಣಿಯಲ್ಲಿ ಒಬ್ಬರು ಗೋಡೆಯ ಗೂಟ ತೋರಿಸಿ ಹೀರೋ ಇಲ್ಲೇ ಟೊಪ್ಪಿಗೆ ಹಾಕಿದ್ದ ಅಂದರು. ರಾಯಬಾಗದಲ್ಲಿ ಒಬ್ಬರು ಹಾಳು ಬಾವಿ ತೋರಿಸಿ ಹೀರೋಯಿನ್ ಇಲ್ಲೇ ಹಾರಿದಳು ಅಂದರು. ನಾನು ಹೂಂ ಅನ್ನುತ್ತಿದ್ದೆ. ಕಣ್ಣು ಮಾತ್ರ ತೊಲೆಗೆ ಗೆದ್ದಲು ಹತ್ತಿದೆಯೋ ಇಲ್ಲವೋ ನೋಡುತ್ತಿತ್ತು.

ಇಂಥದೇ ಒಂದು ಮಾತು ನಮ್ಮ ಮನೆಯಲ್ಲೂ ಇತ್ತು. ನನ್ನನ್ನು ಸಾಕಿದವಳು ಅತ್ತೆ, ಅಪ್ಪನ ಅಕ್ಕ. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಶೇಡಬಾಳದ ಒಂದು ವಾಡೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಶೂಟಿಂಗ್ ಆಯಿತು, ಅಜ್ಜಿಯೂ ಪಿಚ್ಚರಿನಲ್ಲಿ ಬಂದಳು. ಮರುವರ್ಷ ನನ್ನ ಅಪ್ಪನನ್ನು ಹಡೆದು ತೀರಿಕೊಂಡಳು. ಆಗ ಅತ್ತೆಗೆ ನಾಲ್ಕೋ ಐದೋ ವರ್ಷ. ಅಜ್ಜ ಎರಡು ಮಕ್ಕಳನ್ನು ಕಟ್ಟಿಕೊಂಡು ಚಿಂಚಲಿಗೆ ಬಂದ. ಪಿಚ್ಚರ್ ಟೂರಿಂಗ್ ಟಾಕೀಸಿಗೆ ಬಂದಾಗ ಅವನು ಹೋಗಲಿಲ್ಲ. ಸತ್ತವಳು ನಡೆದಾಡುವುದನ್ನು ನೋಡಬಾರದು ಅಂದನಂತೆ, ಮಕ್ಕಳನ್ನೂ ಕಳಿಸಲಿಲ್ಲ.

ಅಜ್ಜಿಯದು ಒಂದೂ ಫೋಟೋ ಇಲ್ಲ. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ ಅಜ್ಜನ ಫೋಟೋ ಇಡುತ್ತೇವೆ, ಅಪ್ಪನದು ಇಡುತ್ತೇವೆ. ಅಜ್ಜಿಯ ಜಾಗದಲ್ಲಿ ತಂಬಿಗೆಯ ಮೇಲೆ ತೆಂಗಿನಕಾಯಿ. ಅತ್ತೆಗೂ ಫೋಟೋಕ್ಕೂ ಆಗಿಬರುವುದಿಲ್ಲ. ಮದುವೆಯಲ್ಲಿ ಕ್ಯಾಮೆರಾ ತನ್ನ ಕಡೆ ತಿರುಗಿದರೆ ಸೆರಗು ಎಳೆದುಕೊಂಡು ಕಂಬದ ಹಿಂದೆ ನಿಲ್ಲುತ್ತಾಳೆ.

ಈ ವರ್ಷ ಶೇಡಬಾಳದ ಅದೇ ವಾಡೆಯನ್ನು ಬಿಚ್ಚುವ ಕೆಲಸ ನನಗೆ ಬಂತು. ಮನೆಗೆ ಬಂದು ಹೇಳಿದೆ. ಅತ್ತೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಕೈ ನಿಲ್ಲಿಸಿದಳು.

"ಅದನ್ನ ಕೆಡವೂದಕ್ಕಿಂತ ಮೊದಲ ಆ ಪಿಚ್ಚರ್ ಹುಡುಕಲೇ."

"ಯಾವ ಪಿಚ್ಚರ್ ಅಂತ ಹುಡುಕ್ಲಿ ಅತ್ತಿ? ಐದೂ ತಾಲೂಕಿನ್ಯಾಗ ಎಲ್ಲಾರ ಮನ್ಯಾಗೂ ಆಗೇತಂತ."

"ಎಲ್ಲಾರ ಮನೀದು ನನಗ ಬ್ಯಾಡ. ನಮ್ಮವ್ವನ ಮಾರಿ ಒಮ್ಮೆ ನೋಡಬೇಕು. ಮನಿ ಮನಿ ಕೆಡವಿಕೋತ ಅಡ್ಡಾಡತಿ, ಇದೊಂದ ಕೆಲಸ ಮಾಡಾಕ ಬರೂದಿಲ್ಲೇನ್?"

ಅತ್ತೆ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ತಾಯಿಯ ಮುಖ ಕೇಳಿದ್ದೇ ಮೊದಲು. ಮಾಲು ತೆಗೆಯಲು ಇನ್ನೂ ಎರಡು ವಾರ ಇತ್ತು. ಹೊರಟೆ.

ಚಿಕ್ಕೋಡಿಯಲ್ಲಿ ಒಬ್ಬರು ಮುದುಕರಿದ್ದಾರೆ. ಟೂರಿಂಗ್ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಮಗನ ಮೊಬೈಲ್ ಅಂಗಡಿಯಲ್ಲಿ ಕೂತಿರುತ್ತಾರೆ. ಹೋಗಿ ವಿಷಯ ಹೇಳಿದೆ.

"ಕಾಕಾ, ಶೇಡಬಾಳದಾಗ ತಗದಿದ್ದ ಮರಾಠಿ ಪಿಚ್ಚರ್, ನೀವು ನೋಡೀರೇನ್ರಿ?"

"ನೋಡಿಲ್ಲೋ, ಓಡ್ಸೇನಿ. ಓಡ್ಸವ ಪಿಚ್ಚರ್ ನೋಡೂದಿಲ್ಲ, ರೀಲ್ ನೋಡ್ತಾನ. ಯಾವಾಗ ಹರೀತೈತಿ ಅಂತ."

"ಹಂಗಾರ ಗೊತ್ತಿಲ್ಲಂದಂಗಾತು."

"ತಡಿಯೋ, ಗಡಿಬಿಡಿ ಮಾಡಬ್ಯಾಡ. ಎತ್ತಿನ ಗಾಡಿ ಬಂದು ದೊಡ್ಡ ಬಾಗಲದ ಮುಂದ ನಿಂದರತೈತಿ. ಬಾಗಲದ ಮ್ಯಾಲ ಎರಡ ಗಿಳಿ. ಅಲ್ಲಿ ರೀಲ್ ಹರೀತಿತ್ತ. ಪ್ರತಿ ಊರಾಗ ಅಲ್ಲೇ ಹರೀತಿತ್ತ. ಜನ ನಮ್ಮವ್ವಗ, ನಮ್ಮಪ್ಪಗ ಬೈತಿದ್ರು. ಹೆಂಗ ಮರೀಲಿ?"

ಶೇಡಬಾಳದ ಬಾಗಿಲ ಮೇಲೆ ಎರಡು ಗಿಳಿ ಇವೆ. ನಾನೇ ಅಳತೆ ತೆಗೆದಿದ್ದೆ. ಅವರು ಪಿಚ್ಚರಿನ ಹೆಸರು ಹೇಳಿದರು. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಐದು ತಾಲೂಕಿನ ವಾಡೆಯವರೂ ಅದು ನಮ್ಮದೇ ಅನ್ನುತ್ತಾರೆ.

ಮೊಬೈಲಿನಲ್ಲಿ ಹುಡುಕಿದೆ, ಸಿಕ್ಕಿತು. ಕಪ್ಪು ಬಿಳುಪು. ಯಾರೋ ಟಿವಿಯಿಂದ ಹಿಡಿದದ್ದು, ಕೆಟ್ಟ ಕಾಪಿ. ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಹಾಕಿದೆ. ಗಾಡಿ ಬಂತು, ಗಿಳಿ ಬಂದವು, ಶೇಡಬಾಳದ ಬಾಗಿಲೇ. ಕೊಡ ಹೊತ್ತ ಏಳೆಂಟು ಹೆಂಗಸರು ಬಾಗಿಲ ಮುಂದೆ ಹಾದುಹೋದರು. ನಿಲ್ಲಿಸಿದೆ.

"ಇದರಾಗ ಯಾರ ಅತ್ತಿ?"

ಅತ್ತೆ ಮೊಬೈಲ್ ಹತ್ತಿರ ಹಿಡಿದಳು, ದೂರ ಹಿಡಿದಳು. "ಹಿಂದಕ್ಕ ತಗಿ," ಅಂದಳು. ತೆಗೆದೆ. ಮತ್ತೆ ತೆಗೆದೆ. ಆರೇಳು ಸಲ ಆಯಿತು. ನನಗೆ ಸಿಟ್ಟು ಬಂತು.

"ನಿಮ್ಮವ್ವನ ಗುರ್ತಾ ನಿನಗ ಸಿಗವಲ್ದೇನ್?"

"ಗುರ್ತಾ ಇದ್ದಿದ್ರ ನಿನಗ್ಯಾಕ ಹುಡುಕಾಕ ಹಚ್ತಿದ್ದೆ?" ಅಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಮುಖ ನೆನಪಿಲ್ಲದವಳಿಗೆ ಮುಖ ತೋರಿಸಿ ಯಾರು ಅಂತ ಕೇಳುತ್ತಿದ್ದೆ. ಅವಳಿಗೆ ನೆನಪಿದ್ದದ್ದು ಒಂದೇ, ತಾಯಿಯ ಬಲಗೈ ಮಣಿಕಟ್ಟಿನ ಹಚ್ಚೆ. ಐದು ಚುಕ್ಕೆ, ನಡುವೆ ಒಂದು ಗೆರೆ. ತೊಡೆಯ ಮೇಲೆ ಮಲಗಿ ಬೆರಳಿಟ್ಟು ಆ ಚುಕ್ಕೆ ಎಣಿಸುತ್ತಿದ್ದಳಂತೆ. ಕೊಡ ಹೊತ್ತ ಹೆಂಗಸರ ಕೈ ಆ ಕಾಪಿಯಲ್ಲಿ ಬರೀ ಬೆಳ್ಳಗೆ ಕಂಡವು.

ಅತ್ತೆ ಎದ್ದು ಹೋದಳು. ನಾನು ಒಬ್ಬನೇ ಪೂರಾ ನೋಡಿದೆ. ಗಾಡಿಯಿಂದ ಇಳಿದವನು ಬಾಗಿಲು ದಾಟಿ ಒಳಗೆ ಹೋಗುತ್ತಾನೆ. ಒಳಗೆ ಬಂದ ಕೂಡಲೇ ನನಗೆ ಏನೋ ತಪ್ಪಿದೆ ಅನಿಸಿತು. ಶೇಡಬಾಳದ ಕಂಬಗಳ ಬುಡದ ಕಲ್ಲು ಚೌಕ. ಪಿಚ್ಚರಿನಲ್ಲಿ ದುಂಡಗಿತ್ತು, ಸುತ್ತ ಕಮಲದ ಎಸಳು. ಅಡುಗೆಮನೆಯ ಕಂಬದ ಕಲ್ಲಿನಲ್ಲಿ ಎರಡು ಎಸಳು ಮುರಿದಿದ್ದವು.

ಎರಡು ಎಸಳು ಮುರಿದ ಆ ಕಲ್ಲು ನಮ್ಮ ಹಿತ್ತಲಲ್ಲಿತ್ತು. ಅತ್ತೆ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು.

ಹೋದ ವರ್ಷ ಕಾಗವಾಡದಲ್ಲಿ ಒಂದು ವಾಡೆ ಬಿಚ್ಚಿದ್ದೆ. ಕಂಬ ಹೋದವು. ಕಲ್ಲು ಭಾರ ಅಂತ ವ್ಯಾಪಾರಿ ಬಿಟ್ಟ. ನಾಲ್ಕು ಕಲ್ಲು ಮನೆಗೆ ತಂದು ಹಾಕಿದ್ದೆ. ಆ ಮನೆಯ ಮಾಲೀಕ ಕೂಡ ಪಿಚ್ಚರ್ ಅಂದಿದ್ದ. ನಾನು ಹೂಂ ಅಂದಿದ್ದೆ.

ಬಾಗಿಲು ಶೇಡಬಾಳದ್ದು, ಅಡುಗೆಮನೆ ಕಾಗವಾಡದ್ದು. ಯಾಕೆ? ಮರುದಿನ ಬೆಳಿಗ್ಗೆ ಶೇಡಬಾಳಕ್ಕೆ ಹೋದೆ. ವಾಡೆಯ ಹಿರಿಯಳು ಜೈನರ ಮುದುಕಿ, ಎಂಬತ್ತು ದಾಟಿದ್ದಾಳೆ. ಮಕ್ಕಳು ಪಕ್ಕದಲ್ಲೇ ಆರ್‌ಸಿಸಿ ಮನೆ ಕಟ್ಟಿದ್ದಾರೆ. ಶೂಟಿಂಗ್ ಆದಾಗ ಆಕೆ ಹೊಸ ಸೊಸೆ. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಕೇಳಿದೆ.

"ಆಯಿ, ಪಿಚ್ಚರದಾಗ ಬಾಗಲಾ ನಿಮ್ಮದು, ಅಡಗಿಮನಿ ಕಾಗವಾಡದ್ದು. ಹೆಂಗರಿ?"

ಆಕೆ ನಕ್ಕಳು. "ನಮ್ಮ ಅತ್ತ್ಯಾರ ಪ್ರತಾಪ ಅದು. ಪಿಚ್ಚರದಾಗ ಹೀರೋ ದಣದ ಬಂದು ರಾತ್ರಿ ಕಂದೀಲ ಹಚ್ಚಿ ಉಣತಾನ. ನಮ್ಮ ಅತ್ತ್ಯಾರು ಅಡ್ಡ ನಿಂತ್ರು. ಹೊತ್ತ ಮುಳಗಿದ ಮ್ಯಾಲ ಈ ಮನ್ಯಾಗ ಯಾರೂ ಬಾಯಾಗ ತುತ್ತ ಇಟ್ಟಿಲ್ಲ, ನಾಟಕಕ್ಕೂ ಇಡಬ್ಯಾಡ್ರಿ ಅಂದ್ರು."

"ಪಿಚ್ಚರದವ್ರು ಏನಂದ್ರು?"

"ಅವ್ವಾರ, ಹಗಲಿನ್ಯಾಗ ತಗೀತೇವ್ರಿ, ಕಿಡಕಿ ಮುಚ್ಚಿ ಕತ್ತಲಾ ಮಾಡ್ತೇವಿ, ಉಣೂದು ಹಗಲೇ ಅಂದ್ರು. ಅದಕ್ಕ ನಮ್ಮ ಅತ್ತ್ಯಾರು, ನೋಡವ್ರಿಗೆ ರಾತ್ರಿ ಕಾಣತೈತೋ ಇಲ್ಲೋ? ಮುಂಬಯಿ ಮಂದಿ ಎಲ್ಲಾ ನೋಡಿ, ಇವರ ಮನ್ಯಾಗ ರಾತ್ರಿ ಉಣತಾರ ಅಂತ ತಿಳಕೋತಾರ, ಅಂದ್ರು. ಮುಗೀತು. ಒಲಿ, ಊಟ ಎಲ್ಲಾ ಕಾಗವಾಡಕ್ಕ ಹೋತು."

ನಾನು ಅಜ್ಜಿಯ ವಿಷಯ ಹೇಳಿದೆ. ಆಕೆ ಶೇಂಗಾ ಕೆಳಗಿಟ್ಟಳು.

"ನೀ ಆಕಿ ಮೊಮ್ಮಗನೇನ್ ತಮ್ಮಾ? ಮೊದಲ ಹೇಳಬಾರದೇನ್! ಆಕೀನ್ನೂ ಗಾಡ್ಯಾಗ ಕರಕೊಂಡ ಹೋದ್ರು. ಹೀರೋಯಿನ್ನಗ ರೊಟ್ಟಿ ಬಡ್ಯಾಕ ಬರ್ತಿರಲಿಲ್ಲ. ಒಂದ ಬಡದ್ಲಂತ, ಬೆಳಗಾವಿ ಜಿಲ್ಲೇದ ನಕಾಶಾ ಆತಂತ. ಅದಕ್ಕ ಮಾರಿ ಹೀರೋಯಿನ್ನಂದು, ಕೈ ನಿಮ್ಮ ಆಯೀದು. ಮರದಿನ ಬಂದು ಹೇಳಿಕೋತ ನಕ್ಕಿದ್ದ ನಕ್ಕಿದ್ದು. 'ಮಾರಿ ಆಕೀದಂತ ಅಕ್ಕಾ, ಕೈ ನಂದಂತ. ಇಬ್ರೂ ಕೂಡಿ ಒಬ್ಬಾಕಿ ಆದಿವಿ' ಅಂದ್ಲು."

"ಕೊಡಾ ಹೊತ್ತವ್ರಾಗ ಇಲ್ಲೇನ್ರಿ ಹಂಗಾರ?"

"ಇಲ್ಲಪಾ. ಅವರೆಲ್ಲಾ ಬ್ಯಾರೆ ಓಣಿಯವ್ರು."

"ನಮ್ಮ ಆಯಿ ಹೆಂಗಿದ್ಳು ನೋಡಾಕ?"

ಆಕೆ ಮತ್ತೆ ಶೇಂಗಾ ಕೈಗೆತ್ತಿಕೊಂಡಳು. "ಸುಳ್ಳ ಯಾಕ ಹೇಳ್ಲಿ ತಮ್ಮಾ. ನಕ್ಕಿದ್ದು ನೆನಪೈತಿ. ಮಾರಿ ನೆನಪಿಲ್ಲ."

ವಾಪಸ್ ಬರುವಾಗ ಗಾಡಿಯನ್ನು ಎರಡು ಸಲ ನಿಲ್ಲಿಸಿದೆ. ಮುಖ ಇಲ್ಲ ಅಂತ ಅತ್ತೆಗೆ ಹೇಗೆ ಹೇಳುವುದು ಅಂತಲ್ಲ, ಅದನ್ನು ಹೇಳಿಬಿಡುತ್ತಿದ್ದೆ. ಆ ಅಡುಗೆಮನೆಯನ್ನು ನಾನೇ ಕೆಡವಿದ್ದೆ. ಒಲೆಯ ಮೇಲಿನ ಮಸಿ ಹಿಡಿದ ತೊಲೆಯನ್ನು ಗರಗಸದಿಂದ ಕೊಯ್ದವನೂ ನಾನೇ. ಒಂದು ವರ್ಷ ಮೊದಲು ಗೊತ್ತಾಗಿದ್ದರೆ ಅತ್ತೆಯನ್ನು ಕರೆದೊಯ್ದು ಆ ಒಲೆಯ ಮುಂದೆ ಕೂರಿಸಬಹುದಿತ್ತು. ಮಾಲೀಕ ಹೇಳಿದ್ದ. ನಾನು ಗೆದ್ದಲು ನೋಡುತ್ತಿದ್ದೆ.

ಮನೆಗೆ ಬಂದು ಎಲ್ಲ ಹೇಳಿದೆ. ಕೆಡವಿದ್ದನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. "ಮೊಬೈಲ್ ಹಚ್ಚು," ಅಂದಳು.

ರೊಟ್ಟಿಯ ಜಾಗ ಹುಡುಕಿ ಹಾಕಿದೆ. ಹೀರೋಯಿನ್ ಮುಖ. ಆಮೇಲೆ ಬರೀ ಕೈ. ಹಿಟ್ಟಿನ ಮುದ್ದೆ, ನೀರಿನ ಬೋಗುಣಿ, ಹಿಂದೆ ಎಸಳು ಮುರಿದ ಕಲ್ಲು. ಮಣಿಕಟ್ಟು ಮೊದಲು ಬೆಳ್ಳಗಿದೆ, ಪೌಡರ್ ಬಡಿದಿದ್ದಾರೆ. ಕೈ ನೀರಿಗೆ ಹೋಗುತ್ತದೆ, ರೊಟ್ಟಿ ಬಡಿಯುತ್ತದೆ, ಮತ್ತೆ ನೀರಿಗೆ ಹೋಗುತ್ತದೆ. ಎರಡನೆಯ ಸಲಕ್ಕೆ ಪೌಡರ್ ತೊಳೆದುಹೋಗಿ ಹಚ್ಚೆ ಎದ್ದು ಕಾಣುತ್ತದೆ. ಐದು ಚುಕ್ಕೆ, ಒಂದು ಗೆರೆ. ಆಮೇಲೆ ಮತ್ತೆ ಹೀರೋಯಿನ್ ಮುಖ.

ಅತ್ತೆ ಬೆರಳು ಮೊಬೈಲ್ ಮೇಲೆ ಇಟ್ಟಳು. ಅದು ನಿಂತುಬಿಟ್ಟಿತು. ನಿಂತ ಚಿತ್ರದ ಮೇಲೆ ಒಂದೊಂದು ಚುಕ್ಕೆಯನ್ನೂ ಮುಟ್ಟಿದಳು. ಅಳಲಿಲ್ಲ.

"ಹಿಟ್ಟ ಬಿರುಸ ನಾದ್ಯಾಳ," ಅಂದಳು. ಆಮೇಲೆ, "ನಾನೂ ಹಿಂಗ ನಾದ್ತೇನಿ. ನನಗ್ಯಾರೂ ಕಲಿಸಿರಲಿಲ್ಲ ಅಂತಿದ್ದೆ," ಅಂದಳು.

ಆ ಚಿತ್ರವನ್ನು ದೊಡ್ಡದು ಮಾಡಿಸಲು ಚಿಕ್ಕೋಡಿಯ ಒಂದು ಸ್ಟುಡಿಯೋಗೆ ಹೋದೆ. ಅಲ್ಲಿಯವನು ಹುಮ್ಮಸ್ಸಿನವನು. "ಬರೀ ಕೈ ಯಾಕರಿ? ಕಂಪ್ಯೂಟರಿನ ಎಐದಾಗ ಮಾರಿ ಕೂಡಸ್ತೇನಿ. ನಿಮ್ಮ ಅತ್ತೀದೊಂದು ಫೋಟೋ ಕೊಡ್ರಿ, ಸಣ್ಣ ವಯಸ್ಸಿನ ಮಾರಿ ಮಾಡಿದ್ರ ತಾಯಿ ಆದ್ಲು. ಯಾರಿಗೂ ಗೊತ್ತಾಗೂದಿಲ್ಲ."

ನನಗೆ ಆಸೆಯಾಯಿತು. ಅತ್ತೆಗೆ ಫೋನ್ ಮಾಡಿ ಕೇಳಿದೆ.

"ಯಾರದೋ ಮಾರಿಗೆ ನಾ ಯಾಕ ಎಡಿ ಇಡ್ಲಿ?" ಅಂದಳು. "ಇದ್ದದ್ದ ತಗೊಂಡ ಬಾ."

ಆ ಅಮಾವಾಸ್ಯೆಗೆ ಅಜ್ಜನ ಫೋಟೋ, ಅಪ್ಪನ ಫೋಟೋ, ನಡುವೆ ಎರಡು ಕೈ. ತಂಬಿಗೆ ಇಡಲಿಲ್ಲ. ಪಕ್ಕದ ಮನೆಯವರು ಬಂದು ನೋಡಿ, "ಇದೇನ ಯವ್ವಾ, ಮಾರಿ ಎಲ್ಲೈತಿ?" ಅಂದರು. "ಮಾರಿ ಮುಂಬಯ್ಯಾಗ ಐತಿ," ಅಂದಳು ಅತ್ತೆ, ತಾನೇ ಜೋರಾಗಿ ನಕ್ಕಳು. ಅವಳ ತಾಯಿ ಹೀಗೇ ನಕ್ಕಿರಬೇಕು ಅಂತ ನನಗೆ ಅನಿಸಿತು.

ಶೇಡಬಾಳದ ವಾಡೆಯನ್ನು ಮಾತು ಕೊಟ್ಟಂತೆ ನಾನೇ ಬಿಚ್ಚಿದೆ. ಗಿಳಿಯ ಬಾಗಿಲು ಹೋಯಿತು. ಬಿಚ್ಚುವ ಮೊದಲು ಆ ಮುದುಕಿ ಒಳಗೆಲ್ಲ ಒಂದು ಸುತ್ತು ಬಂದಳು. ನಾನು ಅವಸರ ಮಾಡಲಿಲ್ಲ.

ಹಿತ್ತಲಿನ ಕಲ್ಲಿನ ಮೇಲೆ ಈಗ ಬಟ್ಟೆ ಒಗೆಯುವಂತಿಲ್ಲ. ಅತ್ತೆ ಅದನ್ನು ತೊಳೆಸಿ, ನನ್ನ ಕೈಲಿ ಉರುಳಿಸಿ, ಹೊರಗಿನ ಒಲೆಯ ಪಕ್ಕ ಇಡಿಸಿದ್ದಾಳೆ. ಮೊನ್ನೆ ಅದರ ಹತ್ತಿರ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಸುಮ್ಮನೆ ಮೊಬೈಲ್ ತೆಗೆದು ಅವಳ ಕೈಗಳ ಕಡೆ ಹಿಡಿದೆ. ಅವಳಿಗೆ ಗೊತ್ತಾಯಿತು. ಸೆರಗು ಎಳೆದುಕೊಳ್ಳುತ್ತಾಳೆ ಅಂದುಕೊಂಡೆ. ಹಿಟ್ಟಿನ ಕೈಯಿಂದಲೇ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಕೈ ಸಾಕು, ಮ್ಯಾಲ ಹಿಡಿಲೇ," ಅಂದಳು. "ಮಾರಿ ಹಿಡಿ."