ಅತ್ತೆಯೂ ಬಂದ ಇಲೆಕ್ಟಿವ್ ಕ್ಲಾಸು

ನಾನು ಎಂ.ಕಾಂ. ಎರಡನೇ ವರ್ಷಕ್ಕೆ ಬಂದಾಗ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಮನೆ ಹರಿಹರದಲ್ಲಿ, ವಿಶ್ವವಿದ್ಯಾಲಯ ದಾವಣಗೆರೆಯ ಆಚೆ. ಎರಡು ಬಸ್ಸು ಹಿಡಿದು ಹೋಗಬೇಕು. ನನ್ನವರಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸವಾದ್ದರಿಂದ ಮಗುವನ್ನು ಅತ್ತೆಯೇ ನೋಡಿಕೊಳ್ಳುತ್ತಿದ್ದರು. ಆ ಸೆಮಿಸ್ಟರಿನಲ್ಲಿ ಬೇರೆ ವಿಭಾಗದ ಒಂದು ಇಲೆಕ್ಟಿವ್ ತೆಗೆದುಕೊಳ್ಳಲೇಬೇಕಿತ್ತು. ಕನ್ನಡ ವಿಭಾಗದ ‘ಬಾಯಿಮಾತಿನ ಚರಿತ್ರೆ’ ಸುಲಭವಿದ್ದೀತೆಂದು ಅದನ್ನೇ ಆರಿಸಿಕೊಂಡೆ.

ಮೊದಲ ದಿನವೇ ಮೇಡಂ ಹೇಳಿಬಿಟ್ಟರು: “ಇಲೆಕ್ಟಿವ್ ಅಂದ್ರೆ ಆರಾಮ ಅಂತ ಬಂದಿದ್ರೆ ಈಗ್ಲೇ ಎದ್ದು ಹೋಗ್ರಿ, ನನಗೇನೂ ಬೇಜಾರಿಲ್ಲ.” ವಾರಕ್ಕೊಂದು ಪುಟ ಬರೆಯಬೇಕು. ಕೊನೆಯಲ್ಲಿ ಮನೆಯ ಹಿರಿಯರೊಬ್ಬರು ಏನನ್ನಾದರೂ ಹೇಗೆ ಕಲಿತರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದೊಡ್ಡ ಲೇಖನ ಕೊಡಬೇಕು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

“ಎಐ ಬಳಸಬಹುದಾ ಮೇಡಂ?” ಎಂದು ಯಾರೋ ಕೇಳಿದರು.

“ಬಳಸ್ರಿ. ಎಲ್ಲಿ, ಯಾಕೆ ಬಳಸಿದ್ರಿ ಅಂತ ಕೆಳಗೆ ಬರೀರಿ. ಆದ್ರೆ ಹಿರಿಯರು ಆಡದ ಮಾತನ್ನ ಅವರ ಬಾಯಿಗೆ ಹಾಕಬ್ಯಾಡ್ರಿ.”

ಕ್ಲಾಸು ಬಿದ್ದಿದ್ದು ದಿನದ ಕೊನೆಗೆ. ಮುಗಿಸಿ ಮನೆ ಸೇರುವಷ್ಟರಲ್ಲಿ ಮಗಳು ಅತ್ತೂ ಅತ್ತೂ ಬಿಕ್ಕುತ್ತಲೇ ಮಲಗಿರುತ್ತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗುರುತು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಆಗಾಗ ಕ್ಲಾಸು ತಪ್ಪಿಸತೊಡಗಿದೆ. ಗೆಳತಿ ಕಳಿಸಿದ ನೋಟ್ಸನ್ನು ಎಐಗೆ ಹಾಕಿ ಸಾರಾಂಶ ಓದಿಕೊಳ್ಳುತ್ತಿದ್ದೆ. ಒಂದು ದಿನ ಹಾಜರಿ ಕಡಿಮೆ ಇದ್ದವರ ಪಟ್ಟಿ ಹಾಕಿದರು. ಅದರಲ್ಲಿ ನನ್ನ ಹೆಸರಿತ್ತು.

ಮೇಡಂ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿ ತೋರಿಸಿದರು. “ಬರದವರಿಗೆ ಹಾಜರಿ ಹಾಕಾಕೆ ಆಗಲ್ಲಮ್ಮ. ಇನ್ನು ಮುಂದೆ ಒಂದೂ ತಪ್ಪಿಸದೆ ಬಂದ್ರೆ ಆಗ್ತೈತೆ. ಹೆಂಗೆ ಬರ್ತೀರಿ, ಯೋಚನೆ ಮಾಡ್ರಿ.”

ಮನೆಗೆ ಬಂದು ಓದು ಬಿಡುತ್ತೇನೆ ಎಂದೆ. ಅತ್ತೆ ಸೊಪ್ಪು ಸೋಸುತ್ತಿದ್ದರು. “ಓದು ಯಾಕ ಬಿಡ್ತಿ? ನಾವೂ ಬರ್ತೀವಿ ತಗ. ಮಗೀಗೂ ಬಸ್ಸಂದ್ರೆ ಬಾಳ ಇಷ್ಟ,” ಎಂದರು.

ಹೇಳಿದಂತೆಯೇ ಮಾಡಿದರು. ಇಲೆಕ್ಟಿವ್ ಇದ್ದ ದಿನ ಮಧ್ಯಾಹ್ನದ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಬಂದು ವಿಭಾಗದ ಎದುರಿನ ಬೇವಿನ ಮರದಡಿ ಕೂರುತ್ತಿದ್ದರು. ಕಿಟಕಿಯಿಂದ ಮಗಳು ಕಾಣುತ್ತಿದ್ದಳು. ನನಗೂ ಪಾಠ ಕೇಳುವ ಮನಸ್ಸು ಬಂತು.

ಲೇಖನಕ್ಕೆ ಬೇರೆ ಯಾರನ್ನೂ ಹುಡುಕಲಿಲ್ಲ. ಅತ್ತೆ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಹೊಸ ಸೊಸೆಯಾಗಿದ್ದ ಕಾಲದಲ್ಲಿ ನನ್ನ ಮಾವನ ಕೈ ಮುರಿದಿತ್ತಂತೆ. ಹರಿಹರದ ಹೋಟೆಲುಗಳಿಗೆ ಹಾಲು ಹಾಕುವವರು ಇಲ್ಲದೆ ಅತ್ತೆಯೇ ಮೊಪೆಡ್ ಕಲಿತರು. ಮೊದಲ ದಿನವೇ ಕ್ಯಾನಿನ ಸಮೇತ ಜೋಳದ ಹೊಲಕ್ಕೆ ನುಗ್ಗಿ ಬಿದ್ದರು. ಇದನ್ನೆಲ್ಲ ಅವರು ಮರದಡಿ ನಗುನಗುತ್ತಾ ಹೇಳಿದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಅದನ್ನು ಬರಹಕ್ಕಿಳಿಸಿ ಚಂದ ಮಾಡಿಕೊಡು ಎಂದು ಎಐಗೆ ಕೊಟ್ಟೆ. ಬಂದದ್ದನ್ನು ಅತ್ತೆಗೆ ಓದಿದೆ: “ಗ್ರಾಮೀಣ ಮಹಿಳೆಯಾಗಿ ನಾನು ಅನೇಕ ಸವಾಲುಗಳನ್ನು ಎದುರಿಸಿ, ಆತ್ಮವಿಶ್ವಾಸದಿಂದ ಮುನ್ನಡೆದೆನು.”

ಅತ್ತೆ ಗಂಭೀರವಾಗಿ ಕೇಳಿದರು. “ಯಾರವ್ವ ಈಕೆ? ಪಾಪ, ಬಾಳ ಕಷ್ಟ ಪಟ್ಟಾಳೆ.”

“ನೀವೇ ಅತ್ತೆ.”

“ನಾನಾ? ಚೆಲ್ಲಿದ ಹಾಲು ಕುಡಿದ ನಾಯಿ ಎಲ್ಲಿ ಹೋತು ಮತ್ತೆ?”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ರೆಕಾರ್ಡಿಂಗ್ ಮತ್ತೆ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ, ಅವರು ಆಡಿದಂತೆಯೇ ಬರೆದೆ. ಕಾಗುಣಿತ ನೋಡಲು ಮಾತ್ರ ಎಐ ಬಳಸಿದ್ದೇನೆ, ಮೊದಲು ಅದು ಬರೆದುಕೊಟ್ಟ ಪುಟದಲ್ಲಿ ಅತ್ತೆಗೆ ತಮ್ಮ ಗುರುತೇ ಸಿಗಲಿಲ್ಲ ಎಂದು ಕೆಳಗೆ ಸೇರಿಸಿದೆ.

ಲೇಖನ ಓದುವ ದಿನ ಮೇಡಂ ಅತ್ತೆಯನ್ನೂ ಒಳಗೆ ಕರೆಸಿದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಹಿಂದಿನ ಬೆಂಚಿನಲ್ಲಿ ಕೂತರು. ನಾಯಿಯ ಮಾತು ಬಂದಾಗ ಕ್ಲಾಸೆಲ್ಲ ನಕ್ಕಿತು. ಅತ್ತೆ ಎದ್ದು ನಿಂತರು.

“ಒಂದಲ್ಲ ಮೇಡಮ್ಮಾರೆ, ಎರಡು ನಾಯಿ. ಇವ್ಳು ಒಂದು ಬಿಟ್ಟಾಳೆ.”

“ತಿದ್ದಿ ಕೊಡ್ರಿ,” ಎಂದರು ಮೇಡಂ ನನ್ನತ್ತ ತಿರುಗಿ. ಅಲ್ಲೇ ಪೆನ್ನಿನಲ್ಲಿ ತಿದ್ದಿದೆ.

ನನ್ನ ಹಾಜರಿ ಹೇಗೋ ಗೆರೆ ದಾಟಿತು, ಪರೀಕ್ಷೆಯೂ ಆಯಿತು. ಕ್ಲಾಸು ತಪ್ಪಿಸಿದ ವಾರಗಳಲ್ಲಿ ಬರೆಯದೆ ಬಿಟ್ಟ ಪುಟಗಳ ಅಂಕ ಮಾತ್ರ ಮೇಡಂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಲೇಖನ ಓದಿದ ಆ ಸಂಜೆ ಕ್ಲಾಸು ಮುಗಿದರೂ ಹುಡುಗಿಯರು ಅತ್ತೆಯನ್ನು ಬಿಡಲಿಲ್ಲ. ಸಾರಥಿಯಲ್ಲಿ ಆಗ ಬೇರೆ ಹೆಂಗಸರೂ ಗಾಡಿ ಓಡಿಸುತ್ತಿದ್ದರಾ, ಮಾವ ಏನೆಂದರು ಎಂದು ಸುತ್ತ ನಿಂತು ಕೇಳುತ್ತಲೇ ಇದ್ದರು. ನಾನು ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ಕಾದೆ. ನಮ್ಮ ಬಸ್ಸು ಹೋಗಿಯೇಬಿಟ್ಟಿತು. ಅತ್ತೆಗೆ ಅದನ್ನು ಹೇಳಬೇಕೆಂದು ನನಗೆ ಅನಿಸಲಿಲ್ಲ.