ಇಲ್ಲಂದ್ರ?

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಕಂಪ್ಯೂಟರ್ ಪಾಠವನ್ನು 'ಎ' ವಿಭಾಗಕ್ಕೆ ನಾನು ಹೇಳುತ್ತಿದ್ದೆ, 'ಬಿ' ವಿಭಾಗಕ್ಕೆ ಇನ್ನೊಬ್ಬ ಮೇಷ್ಟ್ರು. ಕಮಲಾಪುರದಿಂದ ನಿತ್ಯ ತುಂಬಿದ ಬಸ್ಸಿನಲ್ಲಿ ಬಂದರೂ ಅವರ ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ. ನನಗೆ ಅದೂ ಸೇರುತ್ತಿರಲಿಲ್ಲ. ನನ್ನ ವಿಭಾಗದ ಹುಡುಗರೇ ಅವರ ಕಿಟಕಿಗೆ ಜೋತುಬೀಳುತ್ತಿದ್ದರು. ಅಂಥದ್ದೇನು ಹೇಳುತ್ತಾರೆಂದು ಒಂದು ದಿನ ನಾನೂ ಬಾಗಿಲಲ್ಲಿ ನಿಂತೆ.

ಹುಡುಗನೊಬ್ಬ ಬೋರ್ಡಿನ ಮೇಲೆ 'ಇಫ್' ಎಂಬ ಷರತ್ತು ಬರೆದು, ಅದು ಹೌದಾದರೆ ಏನೆಂಬುದನ್ನಷ್ಟೇ ತೋರಿಸಿ ಕೈಬಿಟ್ಟಿದ್ದ. ಅವರು ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೇಳಿದರು, "ಇಲ್ಲಂದ್ರ?"

ಹುಡುಗ ತಲೆ ಕೆರೆದುಕೊಂಡ.

"ಇಲ್ಲಿ ಇಫ್ ಅಂದ್ರ ಒಂದು ವ್ಯಾಲ್ಯೂ ಅದಪಾ. ಹೌದಂದ್ರೂ ಏನರೆ ಕೈಗೆ ಬರಬೇಕು, ಇಲ್ಲಂದ್ರೂ ಬರಬೇಕು."

ಆಮೇಲೆ ಒಂದು ಚೌಕ ಎಳೆದು, ಒಳಗೆ ಪ್ರೋಗ್ರಾಮಿನ ಲೆಕ್ಕಕ್ಕೆ ಬಳಸುವ ಒಂದು ಹೆಸರು ಬರೆದರು. "ಇದು ಈ ಚೌಕಿನ್ಯಾಗಷ್ಟೇ ಬದುಕ್ತದ. ಹೊರಗ ಯಾರಿಗೂ ಇದರ ಗುರ್ತ ಇಲ್ಲ."

ಇದನ್ನೇ ನಾನು ವಾರವಿಡೀ ಸ್ಲೈಡು ಹಾಕಿ ಹೇಳಿದ್ದೆ. ಒಬ್ಬರೂ ತಲೆ ಎತ್ತಿರಲಿಲ್ಲ.

ನನ್ನ ಮಗಳು 'ಬಿ' ವಿಭಾಗದಲ್ಲಿದ್ದಳು. ಅಂದು ಊಟಕ್ಕೆ ಕೂತಾಗ ಅವಳಿಗೆ, "ಮಾರ್ಕ್ಸ್ ಚಲೋ ಬಂದ್ರ ಸ್ಕೂಟಿ ಕೊಡಸ್ತೀನಿ" ಅಂದೆ.

"ಇಲ್ಲಂದ್ರ, ಪಪ್ಪಾ?"

ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ಹೆಸರನ್ನು ಚೌಕದೊಳಗೇ ಇಡಲು ಕಲಿಸುವ ಮನುಷ್ಯನ ಮಾತು ತರಗತಿ ದಾಟಿ ನನ್ನ ಮನೆಗೇ ಬಂದುಬಿಟ್ಟಿತ್ತು.

"ಇಲ್ಲಂದ್ರ ಏನೂ ಇಲ್ಲ," ಎಂದು ಸಿಡುಕಿದೆ.

ಅವಳು ಪಕ್ಕದ ನೋಟ್‌ಬುಕ್ಕಿನ ಮೇಲಿದ್ದ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಕ್ಕಳು. "ಹಂಗ ನಡೆಯಂಗಿಲ್ಲ ಪಪ್ಪಾ. ಏನರೆ ಕೈಗೆ ಬರಬೇಕು."