ಗೋಣಿಚೀಲದ ಕತ್ತಲಿ

ಇವತ್ತ ಸಿಂಧನೂರಿನ ರೈಸ್ ಮಿಲ್ ಮುಂದ ಆಟೋ ನಿಂತಾಗ ತೌಡು ಹತ್ತಿದ ಗೋಣಿಚೀಲದ ವಾಸನಿ ಬಂತು. ಮೈ ಝುಮ್ ಅಂತು.

ನಾ ಸಣ್ಣಾಕಿದ್ದಾಗ ನಮ್ಮೂರು ಮುಕ್ಕುಂದದಾಗ ಮನಿಗೆ ಬಾಡಿಗಿ ವಿಸಿಆರ್ ತಂದು ದೆವ್ವದ ಸಿನಿಮಾ ಹಾಕಿದ್ರು. ಹೊರಗ ಮಟಮಟ ಮಧ್ಯಾಹ್ನ. ಕತ್ತಲಿ ಬೇಕಂತ ಅಪ್ಪ ಕಿಟಕಿಗೆಲ್ಲ ಭತ್ತದ ಖಾಲಿ ಚೀಲ ಕಟ್ಟಿದ್ದ. ನಾ ಅಜ್ಜಿ ತೊಡಿ ಮ್ಯಾಲೆ ಕುಂತಿದ್ದೆ. ಆ ಸಿನಿಮಾದಾಗ ದೆವ್ವ ಬರೋಕಿಂತ ಮೊದ್ಲು ಎಲ್ಲಾ ಸದ್ದು ನಿಂತುಬಿಡ್ತಿತ್ತು. ಸದ್ದು ನಿಂತ ಕೂಡ್ಲೆ ಅಜ್ಜಿ ವಿಭೂತಿ ಹತ್ತಿದ ಅಂಗೈಲೆ ನನ್ನ ಕಣ್ಣು ಮುಚ್ಚತಿದ್ಲು.

ಒಂದು ಸಲ ನಿಂತ ಸದ್ದು ಮತ್ತ ಬರಲೇ ಇಲ್ಲ.

"ಹೋತೇನಬೇ ಅಜ್ಜಿ?" ಅಂದೆ.

"ಎಲ್ಲಿ ಹೋಗ್ತೈತಿ? ಅಲ್ಲೇ ನಿಂತೈತಿ. ಕಣ್ಣು ತೆರಿಬ್ಯಾಡ."

ಅಕಿ ಬೆರಳ ಸಂದಿಯಿಂದ ನೋಡಿದೆ. ಕರೆಂಟ್ ಹೋಗಿತ್ತು, ಟಿವಿ ಕರ್ರಗಿತ್ತು. ಅಜ್ಜಿ ಕಣ್ಣು ಗಟ್ಟಿ ಮುಚ್ಚಿಕೊಂಡಿದ್ಲು. ಅವ್ವನೂ ಹಂಗ, ಅಪ್ಪನೂ ಹಂಗ. ಒಬ್ರೂ ನೋಡಾಕತ್ತಿದ್ದಿಲ್ಲ. ಆದ್ರ ಅದು ಅಲ್ಲೇ ನಿಂತೈತಿ ಅಂತ ಎಲ್ಲಾರಿಗೂ ಗೊತ್ತಿತ್ತು.

ಇವತ್ತ ಮನಿಗೆ ಬಂದ್ರ ನನ್ನ ಮಗಳು ಮೊಬೈಲ್‌ನಾಗ ದೆವ್ವದ ಸಿನಿಮಾ ನೋಡಾಕತ್ತಿದ್ಲು. ನಾನೂ ಬಾಜೂಕ ಕುಂತೆ. ಸದ್ದು ನಿಂತಿತು. ನನ್ನ ಕೈ ತಾನಾಗೇ ಅಕಿ ಕಣ್ಣು ಮುಚ್ಚಿತು.

"ಹೋತೇನು ಮಮ್ಮಿ?" ಅಂದ್ಲು.

ನಾ ಮುಚ್ಚಿದ್ದ ಕಣ್ಣು ತೆರೀದನ, "ಇಲ್ಲ, ಅಲ್ಲೇ ಐತಿ" ಅಂದೆ.